ಹಿಮಗಡಿಯ ಕಾವಲುಗಾರ

ಕೆನಡಾದ ಉತ್ತರ ತುದಿಯ ಯಾವ ಇನುಯಿಟ್ ಬುಡಕಟ್ಟಿನವರ ಊರಿಗೆ ಹೋದರೂ ಉಲಾಯುಕನಂಥ ಗಡಿ ಕಾವಲುಗಾರ ಒಬ್ಬನಾದರೂ ಸಿಗುತ್ತಾನೆ. ಸೈನ್ಯ ಕೊಟ್ಟ ಕೆಂಪು ಅಂಗಿಯನ್ನು ಅವನು ಮದುವೆಗೂ ತೊಡುತ್ತಾನೆ, ಸೀಲ್ ಬೇಟೆಗೂ ತೊಡುತ್ತಾನೆ. ಮಲಗುವಾಗ ಕಳಚುತ್ತಾನೆಂಬುದಕ್ಕೆ ಹೆಂಡತಿಯ ಮಾತೊಂದೇ ಸಾಕ್ಷಿ. ಗಸ್ತಿನಲ್ಲಿ ಅವನಿಗಿಂತ ಮುಂದೆ ಯಾರೂ ಕಾಲಿಡುವಂತಿಲ್ಲ. ಹೆಪ್ಪುಗಟ್ಟಿದ ಕಡಲನ್ನು ಈಟಿಯಿಂದ ಕುಟ್ಟಿ, ಕಿವಿಗೊಟ್ಟು, "ಹ್ಞೂಂ, ಬನ್ನಿ" ಎಂದ ಮೇಲೆಯೇ ಎಂಥ ಅಧಿಕಾರಿಯಾದರೂ ಹೆಜ್ಜೆ ಎತ್ತಬೇಕು. ಹೊಸ ಸೈನಿಕರು ಉಪಗ್ರಹದ ಚಿತ್ರ ತೋರಿಸಿದರೆ, "ಮೇಲಿಂದ ನೋಡೋರು ಮುಳುಗಲ್ಲ ಕಣ್ರಪ್ಪಾ" ಎಂದು ನಗುತ್ತಾನೆ. ಈ ಡಿಸೆಂಬರಿನಲ್ಲಿ ದಕ್ಷಿಣದಿಂದ ಬಂದ ಕರ್ನಲ್ ಕಡಲ ಹಿಮದ ಮೇಲೆಯೇ ನಕ್ಷೆ ಹರಡಿ, "ಶತ್ರು ಬಂದ್ರೆ ಯಾವ ಕಡೆಯಿಂದ ಬರ್ತಾನೆ, ಅಜ್ಜ?" ಎಂದು ಕೇಳಿದ. ಉಲಾಯುಕ್ ಈಟಿಯಿಂದ ಕಾಲಡಿ ತೋರಿಸಿದ. "ಜಲಾಂತರ್ಗಾಮೀಲಾ?" "ಅದಕ್ಕೆ ನಿಮ್ಮ ಹತ್ರ ಬಾಂಬ್ ಇದೆಯಲ್ಲ ಸಾಹೇಬ್ರೆ. ಬರೀ ನೀರೇ ಬಂದ್ರೆ ಏನ್ ಮಾಡ್ತೀರಿ?" ಎನ್ನುತ್ತ ಒಂದು ಹೆಜ್ಜೆ ಮುಂದೆ ಕುಟ್ಟಿದ, ಒಂದೇ ಏಟಿಗೆ ಈಟಿ ನೀರಿಗಿಳಿಯಿತು. ಅವನು ಕೈ ಎತ್ತಿದ್ದೇ ತಡ, ಇಡೀ ತುಕಡಿ ಬಂದ ದಾರಿಯಲ್ಲೇ ಹಿಂದಿರುಗಿತು. ಎಲ್ಲರಿಗಿಂತ ಮುಂದೆ ಕರ್ನಲ್, ಕಟ್ಟಕಡೆಗೆ ಉಲಾಯುಕ್. ದಡದಲ್ಲಿ ಟೀ ಕುಡಿಯುತ್ತ ಅವನು ಗಸ್ತಿನ ಹಳೆಯ ಪುಸ್ತಕ ಬಿಡಿಸಿದ. ಇದೇ ಜಾಗದ ಬಗ್ಗೆ, ನಲವತ್ತು ವರ್ಷದ ಹಿಂದಿನ ಡಿಸೆಂಬರಿನಲ್ಲಿ, ಇದೇ ಕೆಲಸದಲ್ಲಿದ್ದ ಅವನ ಅಪ್ಪ ಬರೆದ ಸಾಲು ಅಲ್ಲಿತ್ತು: "ಗಡಿ ಭದ್ರ. ಮಂಜುಗಡ್ಡೆ ದಪ್ಪ ಎರಡು ಮೊಳ." ಮಗ ಅದರ ಕೆಳಗೆ, ಅಪ್ಪನಷ್ಟೇ ದುಂಡಗೆ ಬರೆದ: "ಕಾವಲು ಭದ್ರ. ಗಡಿ ನಾಲ್ಕು ಬೆರಳು."