ಬೂತಿನ ಬೀಗ, ಫೋನಿನ ಬೀಗ

ಕೆ. ಹೊಸಕೋಟೆಯ ಬಸ್ ಸ್ಟಾಪಿನ ಪಕ್ಕ ನನ್ನ ಅಣ್ಣನ ಎಸ್‌ಟಿಡಿ ಬೂತ್ ಇತ್ತು. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಆ ಲೆಕ್ಕದಲ್ಲೇ ಸರ್ಕಾರದಿಂದ ಬೂತ್ ಸಿಕ್ಕಿದ್ದು. ಅರ್ಧ ಜಾಗದಲ್ಲಿ ನನ್ನ ಹೊಲಿಗೆ ಮೆಷಿನ್. ಗಾಜಿನ ಬಾಗಿಲು ಹೆಸರಿಗಷ್ಟೇ, ಒಳಗೆ ಆಡಿದ ಮಾತೆಲ್ಲ ಹೊರಗೆ ಕೇಳುತ್ತಿತ್ತು. ಯಾರ ಸಂಬಂಧ ಮುರಿಯಿತು, ಯಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಹೆಂಡತಿಗೆ ಸುಳ್ಳು ಹೇಳಿದ, ಎಲ್ಲ ನಮಗೆ ಗೊತ್ತು. ನಾನು ಬಾಯಿಬಡುಕಿ, ಮನೆಗೆ ಹೋಗಿ ಹೇಳಲು ಶುರು ಮಾಡಿದರೆ ಅಣ್ಣ ಗದರುತ್ತಿದ್ದ. "ಬೂತಲ್ಲಿ ಕೇಳಿದ್ದು ಬೂತಲ್ಲೇ ಸಾಯ್ಬೇಕು ಕಣೇ."

ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು, ಅಣ್ಣನ ಜೇಬಿಗೂ. ಬೂತಿಗೆ ನೊಣವೂ ಬರುತ್ತಿರಲಿಲ್ಲ. ಆದರೂ ಅಣ್ಣ ಬೆಳಿಗ್ಗೆ ಬಾಗಿಲು ತೆರೆದು ಕೂರುವುದನ್ನು ಬಿಡಲಿಲ್ಲ. ಬೂತ್ ಮುಚ್ಚಿ ಅಂಗಡಿ ಇಡಿ ಎಂದು ಅತ್ತಿಗೆ ಹೇಳಿ ಹೇಳಿ ಸಾಕಾಗಿ, ಒಂದು ದಿನ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಬೈದು, ಹೆಗ್ಗದ್ದೆಯ ತವರಿಗೆ ಹೋಗಿಬಿಟ್ಟಳು.

ಮುನಿಸಿಕೊಂಡು ತವರಿಗೆ ಹೋದವಳು ನಮ್ಮ ಕಡೆ ತಾನಾಗಿ ವಾಪಸ್ ಬರುವುದಿಲ್ಲ. ಗಂಡ ಹೋಗಿ ಕರೆಯಬೇಕು. ಹೋಗೋ ಎಂದು ನಾನು ದಿನಾ ಅಣ್ಣನ ತಲೆ ತಿನ್ನುತ್ತಿದ್ದೆ.

"ಅವಳಿಗೆ ಮನಸ್ಸೈತೋ ಇಲ್ವೋ ಗೊತ್ತಾಗ್ದೆ ಹೆಂಗೆ ಹೋಗ್ಲಿ? ಅವರಣ್ಣನ ಮುಂದೆ ಬರಲ್ಲ ಅಂದ್ಬುಟ್ರೆ?" ಎನ್ನುತ್ತಿದ್ದ.

ಫೋನಿನಲ್ಲಿ ಕೇಳೋಣವೆಂದರೆ ಆ ಮನೆಯಲ್ಲಿದ್ದದ್ದು ಅವಳ ಅಣ್ಣನ ಒಂದೇ ಮೊಬೈಲ್. ಸುತ್ತ ಮನೆಮಂದಿಯೆಲ್ಲ ಕೂತಿರುವಾಗ ಹೆಣ್ಣುಮಗಳು ಏನು ತಾನೆ ಬಾಯಿ ಬಿಟ್ಟಾಳು? ಹೂಂ, ಊಹೂಂ ಅಷ್ಟೇ.

ಅಂಥ ಹೊತ್ತಿನಲ್ಲಿ ಅಣ್ಣ ಹಾಸನಕ್ಕೆ ಹೋದಾಗ ಅವನ ಅಂಧರ ಶಾಲೆಯ ಗೆಳೆಯ ಸಿಕ್ಕಿದ. ಅವನ ಮೊಬೈಲಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು, ಬಂದ ಮೆಸೇಜನ್ನು ಅದೇ ಜೋರಾಗಿ ಓದಿ ಹೇಳುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕನ್ನಡವನ್ನು ಯಾವನೋ ಬಿಳಿ ದೊರೆ ಓದಿದ ಹಾಗೆ ಓದುತ್ತಿತ್ತಂತೆ. ಅಣ್ಣ ಮನೆಗೆ ಬಂದು ಅದನ್ನು ಅಣಕಿಸಿ ತೋರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಅವತ್ತೇ ಅತ್ತಿಗೆಗೆ ಫೋನ್ ಮಾಡಿದ. "ನನ್ನ ಫೋನಿಗೂ ಹಾಕಿಸ್ತೀನಿ. ಇನ್ಮೇಲೆ ನಾನೇ ಓದ್ತೀನಿ, ಯಾರೂ ನೋಡಲ್ಲ. ಬಾಯಲ್ಲಿ ಹೇಳಕ್ಕಾಗದ್ದು ಬರಿ."

ಆ ವಾರವೇ ನಾನೂ ಅಣ್ಣನೂ ಹಾಸನದ ಫೋನ್ ಕಂಪನಿಯ ಆಫೀಸಿಗೆ ಹೋದೆವು. ಕೌಂಟರಿನವನು ಫೋನನ್ನು ತಿರುಗಿಸಿಯೂ ನೋಡಲಿಲ್ಲ. "ಇದ್ರಲ್ಲಿ ಹೊರಗಿನ ಸಾಫ್ಟ್‌ವೇರ್ ಹಾಕಕ್ಕಾಗಲ್ಲ ಮೇಡಂ. ಕಂಪನಿ ಲಾಕ್ ಮಾಡೈತೆ. ನಿಮ್ಮ ಸೇಫ್ಟಿಗೇ."

"ಕುರುಡನಿಗೆ ಓದಿ ಹೇಳೋದ್ರಿಂದ ನಿಮ್ಮ ಕಂಪನಿಗೆ ಏನ್ ಮಾರಿ ಬಡಿಯುತ್ತೆ?" ಎಂದು ಕೂಗಾಡಿದೆ. ವೈರಸ್ ಎಂದ, ಮೋಸ ಮಾಡುವವರಿದ್ದಾರೆ ಎಂದ. ಅದು ಸುಳ್ಳೇನಲ್ಲ, ಅಣ್ಣನ ಗೆಳೆಯನ ಫೋನೇ ಒಮ್ಮೆ ವೈರಸ್ ಹೊಕ್ಕು ಕೆಟ್ಟಿತ್ತು. ಹಾಗಾದರೆ ಗೆಳೆಯನಂಥದೇ ಫೋನ್ ತಗೊಳ್ಳೋಣವೆಂದರೆ, ಅದರ ಕಂಪನಿಗೆ ನಮ್ಮ ಗುಡ್ಡಗಳಲ್ಲಿ ಸಿಗ್ನಲ್ ಇಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡು ಹೊರಗೆ ಬಂದೆ.

ವಾಪಸ್ ಬರುವ ಬಸ್ಸಿನಲ್ಲಿ ಆಲೂರು ದಾಟಿದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. "ಬೂತ್ ಫೋನಿಗೆ ನಾನೂ ಬೀಗ ಹಾಕ್ತಿದ್ದೆ ಕಣೇ. ಕಂಡಕಂಡೋರು ಮುಟ್ಟಬಾರ್ದು ಅಂತ. ಬೀಗ ಇರ್ಲಿ, ತಪ್ಪಲ್ಲ. ಆದ್ರೆ ಕೀ ನನ್ನ ಜೇಬಲ್ಲಿರ್ತಿತ್ತು."

ಈಗ ಟಿ.ವಿ.ಯಲ್ಲಿ ದೊಡ್ಡ ದೊಡ್ಡವರು ಕೂತು ಕಂಪನಿಗಳು ಹೀಗೆ ಬೀಗ ಹಾಕಬಹುದೋ ಬಾರದೋ ಎಂದು ವಾದ ಮಾಡುವುದನ್ನು ಕೇಳುತ್ತೇನೆ. ಅಣ್ಣ ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿದ್ದು ಕೇಳಿಲ್ಲ.

ಸಾಫ್ಟ್‌ವೇರ್ ಹಾಕಿಸಲಾಗಲಿಲ್ಲ ಎಂದು ಅತ್ತಿಗೆಗೆ ತಿಳಿಸು ಎಂದೆ. ನಾಳೆ, ನಾಡಿದ್ದು ಎಂದ. ಅಷ್ಟು ಜಂಬದಿಂದ ಹೇಳಿದ್ದವನಿಗೆ ಇಲ್ಲ ಎನ್ನಲು ನಾಚಿಕೆ. ಅಷ್ಟರಲ್ಲಿ ಒಂದು ಮಧ್ಯಾಹ್ನ, ನಾನು ರವಿಕೆಗೆ ತೋಳು ಕೂಡಿಸುತ್ತಿದ್ದಾಗ, ಅವನ ಫೋನ್ ಎರಡು ಸಲ ಕುಂಯ್‌ಗುಟ್ಟಿತು. ಮೆಸೇಜ್. ಬಗ್ಗಿ ನೋಡಿದರೆ ಅತ್ತಿಗೆಯ ಅಣ್ಣನ ನಂಬರು.

"ಅತ್ತಿಗೆ ಮನೆ ನಂಬರು ಕಣೋ. ಕೊಡು ಇಲ್ಲಿ, ಓದ್ತೀನಿ" ಎಂದೆ.

ಫೋನನ್ನು ಎದೆಗೆ ಒತ್ತಿಕೊಂಡ. "ಬೇಡ. ನಾನೊಬ್ಬನೇ ಓದ್ತೀನಿ ಅಂತ ನಂಬ್ಕಂಡು ಬರ್ದವಳೆ."

"ಅಯ್ಯೋ, ನಿನ್ನ ಬೂತಿನ ನಿಯತ್ತಿಗೆ ಬೆಂಕಿ ಬೀಳ! ನಾನು ನಿನ್ನ ತಂಗಿ ಕಣೋ!"

"ಯಾರಾದ್ರೇನು? ಊರೋರ ಮಾತನ್ನೇ ಕಾಪಾಡ್ದೋನು. ಹೆಂಡ್ತಿ ಮಾತು ಬಯಲಿಗೆ ಹಾಕ್ಲಾ?"

ಸಂಜೆ ಅದೇ ನಂಬರಿನಿಂದ ಅವಳೇ ಫೋನ್ ಮಾಡಿದಳು. ಅಣ್ಣ ಎದ್ದು ನಿಂತು ಮಾತಾಡಿದ. "ಹೂಂ, ಓದ್ದೆ" ಎಂದ. ಆ ಕಡೆ ಅವಳೇನು ಕೇಳಿದಳೋ, ಇವನು "ನಿನ್ನಿಷ್ಟ. ನೀನು ಹೆಂಗಂದ್ರೆ ಹಂಗೆ" ಎಂದ. ಬರಲ್ಲ ಎಂದೇ ಬರೆದಿರುತ್ತಾಳೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಆ ಕಡೆಯಿಂದ ಫೋನ್ ಕಟ್ಟಾಯಿತು. ಅತ್ತಿಗೆ ಬರಲಿಲ್ಲ. ಅಣ್ಣ ಇನ್ನೊಂದು ಮಾತು ಕೇಳಲಿಲ್ಲ. ಆ ಫೋನೂ ಕೆಲವು ತಿಂಗಳಿಗೆ ಸತ್ತಿತು.

ಕೆಲವು ವರ್ಷದ ಮೇಲೆ ಅಣ್ಣ ಜ್ವರದಲ್ಲಿ ಹೋದ. ಮಣ್ಣಿಗೆ ಅತ್ತಿಗೆ ಬಂದಳು. ಎಲ್ಲ ಮುಗಿದು ಜನ ಚದುರಿದ ಮೇಲೆ ಹಿತ್ತಲ ಬಾಗಿಲಲ್ಲಿ ನನ್ನ ಪಕ್ಕ ಬಂದು ಕೂತಳು. "ಇವಾಗ್ಲಾದ್ರೂ ಹೇಳವ್ವ. 'ಬಂದು ಕರ್ಕೊಂಡೋಗಿ, ನಾನೇ ಕರೆದೆ ಅಂತ ನಮ್ಮಣ್ಣನಿಗೆ ತಿಳಿಬಾರ್ದು' ಅಂತ ಬರ್ದಿದ್ದೆ. ಬಾಗಿಲಲ್ಲಿ ಕಾಯ್ಕೊಂಡೇ ಇದ್ದೆ. ಯಾಕೆ ಬರ್ಲಿಲ್ಲ ನಿಮ್ಮಣ್ಣ?"

ಆ ಫೋನ್ ಯಾವತ್ತೂ ಮಾತಾಡಲಿಲ್ಲ ಎಂದು, ಕಂಪನಿಯವರು ಬಿಡಲಿಲ್ಲ ಎಂದು, ಅವನು ನನ್ನ ಕೈಗೂ ಕೊಡಲಿಲ್ಲ ಎಂದು ಹೇಳಿದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಓದ್ದೆ ಅಂದ್ರಲ್ಲವ್ವ" ಎಂದಳು. "ನನ್ನ ಕಿವಿಯಾರೆ ಕೇಳಿದ್ನಲ್ಲ. ಓದ್ದೆ ಅಂದ್ರಲ್ಲ."