ಯಂತ್ರಕ್ಕೆ ‘ಅಥವಾ’ ಕಲಿಸುವ ಶಶಿಕಲಾ

ನಿಟ್ಟೂರಿನ ನಾರಿನ ಮಿಲ್ಲಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ತೆಂಗಿನ ಮಟ್ಟೆ ಬಡಿದು ನಾರು ಬಿಡಿಸುವ ಯಂತ್ರದ ಪಕ್ಕದಲ್ಲಿ ಶಶಿಕಲಾ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾರೆ. ಎದ್ದು ಹೋಗಿ ಹಿಂದಿನ ಮುಚ್ಚಳ ತೆರೆಯುತ್ತಾರೆ; ಒಳಗೆ ತಿರುಗುವ ಡ್ರಮ್ಮು ನಿಲ್ಲುತ್ತದೆ. ಅದನ್ನು ಮುಚ್ಚಿ, ಗುಂಡಿ ಒತ್ತಿ ಮತ್ತೆ ಹೊರಡಿಸಿ, ಮುಂದಿನದನ್ನು ತೆರೆಯುತ್ತಾರೆ, ಆಗಲೂ ನಿಲ್ಲುತ್ತದೆ. ಆದರೂ ಮುಖ ಸಡಿಲವಾಗುವುದಿಲ್ಲ. ಕರೆಂಟು ತೆಗೆಸಿ, ಮತ್ತೆ ಕೊಡಿಸಿ, ಡ್ರಮ್ಮು ತಾನಾಗಿ ಹೊರಡುತ್ತದೆಯೇ ಎಂದು ನೋಡುತ್ತಾರೆ.

ಶಿರಾ ಗೇಟ್ ಬಳಿಯ ಸಣ್ಣ ವರ್ಕ್‌ಶಾಪಿನಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನೆಲ್‌ಗೆ ಪ್ರೋಗ್ರಾಮ್ ಬರೆಯುವುದು ಇವರ ಕೆಲಸ. ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಮಿಲ್ಲುಗಳಲ್ಲಿ ಮೋಟಾರು ಯಾವಾಗ ತಿರುಗಬೇಕು, ಯಾವಾಗ ತಿರುಗಲೇಬಾರದು ಎಂದು ತೀರ್ಮಾನಿಸುವುದು ಇವರು ಬರೆದ ಸಾಲುಗಳೇ. ಅಲ್ಲಿ ದುಡಿಯುವವರಿಗೆ ಇವರ ಹೆಸರೂ ಗೊತ್ತಿಲ್ಲ.

ಮುಚ್ಚಳ ತೆರೆದಿದ್ದರೂ ಯಂತ್ರ ತಿರುಗಿಬಿಟ್ಟರೆ ಎಂಬ ಭಯ ಹತ್ತಿಕೊಂಡದ್ದು ಕಳೆದ ವರ್ಷ, ಕುಣಿಗಲ್ ಹತ್ತಿರದ ಒಂದು ಮಿಲ್ಲಿನಲ್ಲಿ. ಬೇರೊಂದು ಯಂತ್ರದ ರಿಪೇರಿಗೆಂದು ಹೋಗಿದ್ದ ಶಶಿಕಲಾ ಕಣ್ಣೆದುರೇ ನಡೆದದ್ದು. ಕರೆಂಟು ಹೋಗಿ ಡ್ರಮ್ಮು ನಿಂತಿತ್ತು. ಸಿಕ್ಕಿಕೊಂಡ ನಾರು ಬಿಡಿಸಲು ಚಿಕ್ಕಮಾರಮ್ಮ ಎಂಬ ಕೆಲಸದಾಕೆ ಹಿಂದಿನ ಮುಚ್ಚಳ ತೆರೆದು ಮೊಣಕೈವರೆಗೂ ಕೈ ಹಾಕಿದ್ದರು. ಕರೆಂಟು ಬಂತು. ಡ್ರಮ್ಮು ತಿರುಗಿತು. ಆಕೆ ಹಿಂದಕ್ಕೆ ಬಿದ್ದರು. ಹೆಗಲ ಮೇಲಿನ ಟವೆಲು ಒಳಗೆ ಹೋಗಿ ಚಿಂದಿಯಾಯಿತು. ಬೆರಳ ಚರ್ಮ ಸುಲಿದಿತ್ತು, ಕೈ ಉಳಿದಿತ್ತು.

“ಬೆರಳು ಇದಾವಾ ನೋಡವ್ವ, ನಂಗೆ ನೋಡಕ್ಕೆ ಧೈರ್ಯ ಇಲ್ಲ,” ಎಂದು ಆಕೆ ಕಣ್ಣು ಮುಚ್ಚಿಕೊಂಡೇ ಶಶಿಕಲಾ ಕಡೆ ಕೈ ಚಾಚಿದರು.

ಮುಚ್ಚಳ ತೆರೆದರೆ ಯಂತ್ರ ನಿಲ್ಲುತ್ತದೆ, ಟೆಸ್ಟ್ ಮಾಡಿಸಿದ್ದೇವೆ ಎಂದು ಮಾಲೀಕ ಹನುಮಂತರಾಜು ಪಟ್ಟು ಹಿಡಿದರು. ಅದು ಸುಳ್ಳೂ ಅಲ್ಲ. ಟೆಸ್ಟಿನ ದಿನ ಎರಡೂ ಮುಚ್ಚಳ ಒಟ್ಟಿಗೆ ತೆರೆದಿದ್ದರು. ಹಿಂದೆ ಯಾರೋ ಬರೆದಿದ್ದ ಪ್ರೋಗ್ರಾಮನ್ನು ಶಶಿಕಲಾ ತೆಗೆದು ನೋಡಿದರು. ಮುಂದಿನ ಮುಚ್ಚಳ ತೆರೆದಿದ್ದರೆ ‘ಮತ್ತು’ ಹಿಂದಿನದು ತೆರೆದಿದ್ದರೆ ನಿಲ್ಲು ಎಂದಿತ್ತು. ಒಂದೇ ತೆರೆದರೆ ನಿಲ್ಲುವಂತಿರಲಿಲ್ಲ. ಅಲ್ಲಿರಬೇಕಾಗಿದ್ದದ್ದು ‘ಅಥವಾ’.

ಗುಬ್ಬಿಯಲ್ಲಿ ಪಿಯುಸಿ ಓದುವಾಗ ಅಂಕ ಸುಲಭವೆಂದು ಇವರು ತರ್ಕಶಾಸ್ತ್ರ ತೆಗೆದುಕೊಂಡಿದ್ದರು. ‘ಎರಡೂ ಬಾಗಿಲು ಮುಚ್ಚಿವೆ’ ಎಂಬುದು ಸುಳ್ಳಾದರೆ ಯಾವುದು ನಿಜ ಎಂದು ಮೇಷ್ಟ್ರು ಏಕಾಂತಯ್ಯ ಕೇಳುತ್ತಿದ್ದರಂತೆ. ಎರಡೂ ತೆರೆದಿವೆ ಎಂದು ಇಡೀ ತರಗತಿ ಹೇಳುತ್ತಿತ್ತು. ಒಂದು ತೆರೆದಿದ್ದರೂ ಸಾಕಲ್ಲ ಎಂದು ಅವರು ತಿದ್ದುತ್ತಿದ್ದರು.

“ಮಿಷನ್‌ಗೆ ಹೆಂಗೆ ಹೇಳೋದು ಅಂತ ಡಿಪ್ಲೊಮಾದಲ್ಲಿ ಕಲಿಸಿದ್ರು. ನಾನ್ ನಿಜವಾಗ್ಲೂ ಏನ್ ಹೇಳ್ತಿದೀನಿ ಅಂತ ನೋಡ್ಕೊಳ್ಳೋದು ಮೇಷ್ಟ್ರ ಕ್ಲಾಸಲ್ಲೇ ಬಂದಿದ್ದು,” ಎನ್ನುತ್ತಾರೆ.

ಆ ದಿನ ಸಾಲು ತಿದ್ದಿ, ಗುಂಡಿ ಒತ್ತದೆ ಯಂತ್ರ ತಾನಾಗಿ ಹೊರಡದಂತೆಯೂ ಮಾಡಿದರು. ಇನ್ನು ಧೈರ್ಯವಾಗಿ ಕೈ ಹಾಕಬಹುದೇ ಎಂದು ಚಿಕ್ಕಮಾರಮ್ಮ ಕೇಳಿದಾಗ ಇವರು ಹೂಂ ಅನ್ನಲಿಲ್ಲ. ಬರೆದದ್ದು ಸರಿಯಿದ್ದರೂ ಒಂದು ವೈರು ಕಿತ್ತುಬರಬಹುದು, ಸ್ವಿಚ್ಚು ಅಂಟಿಕೊಳ್ಳಬಹುದು. “ಮೊದ್ಲು ಮೇನ್ ಆಫ್ ಮಾಡಿ ಬೀಗ ಹಾಕಮ್ಮ. ಕೀ ನಿನ್ನ ಹತ್ರಾನೇ ಇರ್ಲಿ,” ಎಂದರು. ಮಾಲೀಕರು ಗೊಣಗುತ್ತಲೇ ಬೀಗ ತರಿಸಿದರು.

ಈಗಲೂ ಬಸ್ಸಿನಲ್ಲಿ ಹೋಗುವಾಗ ದಾರಿಬದಿಯ ಮಿಲ್ಲಿನ ಸದ್ದು ಕೇಳಿದರೆ ಆ ಕಡೆ ತಿರುಗಿ ನೋಡುತ್ತಾರಂತೆ. ಅಂಥ ‘ಮತ್ತು’ ಇನ್ನೂ ಎಷ್ಟು ಕಡೆ ಕೂತಿದೆಯೋ ಎಂಬ ದಿಗಿಲು.

ನಿಮಗೇನು ಆಸೆ ಎಂದು ಕೇಳಿದೆ.

“ನಾನ್ ಬರೆದಿದ್ದು ಸರಿನಾ ತಪ್ಪಾ ಅಂತ ಯಾರ್ದೋ ಕೈ ಹೋದ್ಮೇಲೆ ಗೊತ್ತಾಗ್ಬಾರ್ದು, ಅಷ್ಟೇ.”