ಖಾಲಿದಾ ಬೆರಳಿಟ್ಟು ತೋರಿಸಿದ ಸಾಲು

ಸತ್ತ ಹೆಂಗಸರ ಮೈ ತೊಳೆಯೋದು ಖಾಲಿದಾಳ ಕೆಲಸ. ದುಡ್ಡಿಗಲ್ಲ, ಅವರಲ್ಲಿ ಅದು ಪುಣ್ಯ. ಧಾರವಾಡದ ಕಡೆಯವಳು. ಮಗಳ ಬಾಣಂತನಕ್ಕೆ ಅಮೆರಿಕದ ಈ ಸನ್ನಿವೇಲ್‌ಗೆ ಬಂದವಳು ಹದಿನೆಂಟು ವರ್ಷದಿಂದ ಇಲ್ಲೇ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ. ಇಲ್ಲಿ ಹೆಣ ಇಡೋದು ಫ್ಯೂನರಲ್ ಹೋಮಿನಲ್ಲಿ; ಯಾವುದರಲ್ಲಿ ಬಿಸಿನೀರು ಬರುತ್ತೆ, ಎಲ್ಲಿ ಬರಲ್ಲ, ಎಲ್ಲಾ ಬಾಯಲ್ಲೇ. "ಬದುಕಿದ್ದವರ ಬೆನ್ನು ತಿಕ್ಕೂದ ಕಷ್ಟ ನೋಡ್ರಿ, ಸುಮ್ನ ಕುಂದ್ರೂದಿಲ್ಲ" ಅಂತಾಳೆ. ಇಂಗ್ಲಿಷ್ ಓದೋಕೆ ಬರಲ್ಲ.

ಹೋದ ವರ್ಷ ನಮ್ಮೆಜಮಾನ್ರು ತೀರಿಕೊಂಡಾಗ ಅವಳನ್ನು ಜೊತೆಗೆ ಕರೆದೆ. ಎರಡು ವರ್ಷ ಡಯಾಲಿಸಿಸ್. ಅವರ ತೋಳೆಲ್ಲ ಗಂಟು ಗಂಟಾಗಿತ್ತು. ಒಂದು ದಿನ ಆಸ್ಪತ್ರೆಗೆ ಹೊರಟು ಚಪ್ಪಲಿ ಮೆಟ್ಟುತ್ತಾ, "ಸತ್ತ ಮೇಲಾದ್ರೂ ಸೂಜಿ ಮುಟ್ಟಿಸ್ಬೇಡ ಕಣೇ" ಅಂದಿದ್ದರು.

ಫ್ಯೂನರಲ್ ಹೋಮಿನ ಆಫೀಸಿನಲ್ಲಿ ಮೇಜಿನ ಈಚೆ ನಾನು, ಮಗ ವ್ಯಾಸರಾಜ, ಖಾಲಿದಾ. ಆಚೆ ಟೈ ಕಟ್ಟಿದ ಗಂಡಸು, ಒಂದು ಫಾರಮ್ಮು. ಹೆಣ ಕೆಡದ ಹಾಗೆ ಮೈಯೊಳಗೆ ಔಷಧಿ ತುಂಬೋದಕ್ಕೆ ಒಪ್ಪಿಗೆ. ಎಂಬಾಮಿಂಗು ಅಂತಾರೆ. ಮೆಲ್ಬರ್ನಿನಿಂದ ಮಗಳು ನಿರುಪಮಾ ಬರಬೇಕಿತ್ತು. ಶನಿವಾರ ದರ್ಶನ ಅಂತ ವ್ಯಾಸ ಎಂಬತ್ತು ಜನಕ್ಕೆ ಹೇಳಿಬಿಟ್ಟಿದ್ದ.

"ಸೈನ್ ಮಾಡಮ್ಮ. ಹೆಂಡತಿದೇ ಬೇಕಂತೆ, ನಂದು ನಡೆಯಲ್ಲ."

ಬ್ಯಾಂಕಿನ ಕಾಗದಕ್ಕೂ ಯಜಮಾನ್ರು ತೋರಿಸಿದ ಕಡೆ ಸಹಿ ಹಾಕಿದವಳು ನಾನು. ಪೆನ್ನು ಕೈಗೆ ಬಂತು.

"ರೇಟಿನ ಹಾಳಿ ಕೇಳ್ರಿ ಅಕ್ಕಾರ," ಅಂದಳು ಖಾಲಿದಾ. "ಕೊಡಾಕಬೇಕು, ಕಾಯ್ದೆ ಐತಿ."

"ಆಂಟಿ, ಪ್ಲೀಸ್. ಇದು ದುಡ್ಡಿನ ವಿಷಯ ಅಲ್ಲ."

"ನಾನೂ ರೊಕ್ಕದ ಮಾತಾಡಾಕತ್ತಿಲ್ಲ ತಮ್ಮಾ."

ಹಾಳೆ ಬಂತು. ಓದು ಬಾರದವಳು ಬೆರಳಾಡಿಸುತ್ತಾ ಹೋಗಿ ಒಂದು ಕಡೆ ಒತ್ತಿ ಹಿಡಿದಳು. ಎಂಬಾಮಿಂಗು ಅನ್ನೋ ಪದದ ಆಕಾರ ಅವಳಿಗೆ ಗೊತ್ತು. ಮೊಮ್ಮಗಳು ಲೈಬಾ ಕಲಿಸಿದ್ದಳಂತೆ.

"ಇದನ್ನ ಓದು."

ವ್ಯಾಸ ಓದಿದ. ಮುಖ ಇಳಿಯಿತು. ಕೆಲವು ಸಂದರ್ಭ ಬಿಟ್ಟರೆ ಕಾನೂನಿನಲ್ಲಿ ಇದು ಕಡ್ಡಾಯ ಅಲ್ಲ ಅಂತ ಅಚ್ಚಾಗಿತ್ತು. ಆ ಗಂಡಸು ಮೆತ್ತಗೆ ಏನೋ ಅಂದ. ವ್ಯಾಸ ನನಗೆ ಕನ್ನಡದಲ್ಲಿ ಹೇಳಿದ: ತಣ್ಣನೆ ಕೋಣೆಯಲ್ಲಿ ಇಡಬಹುದು, ಆದರೆ ಮನೆಯವರು ಮಾತ್ರ ನೋಡಬೇಕು, ಹತ್ತು ನಿಮಿಷ. ಎಲ್ಲರಿಗೂ ದರ್ಶನ ಅಂದ್ರೆ ಅವರ ನಿಯಮದ ಪ್ರಕಾರ ಔಷಧಿ ತುಂಬಲೇಬೇಕು.

"ಎಂಬತ್ತು ಜನಕ್ಕೆ ಏನಂತ ಹೇಳ್ಲಿ ಅಮ್ಮಾ? ಅಪ್ಪಂಗೆ ಇನ್ನು ನೋವಾಗುತ್ತಾ?"

ನೋವಾಗಲ್ಲ, ಅದು ನನಗೂ ಗೊತ್ತು. ಇವನ ಮನೆಯಲ್ಲೇ ನಾನು ಬಾಳಬೇಕು, ಅದೂ ಗೊತ್ತು. ಖಾಲಿದಾ ಕಡೆ ನೋಡಿದೆ. ಅವಳು ಹಾಳೆಯಿಂದ ಬೆರಳು ತೆಗೆದಳು.

"ಇನ್ನ ನಿಮ್ಮ ಮನಸು. ನಾ ಹೇಳೂದು ಮುಗೀತು."

ಪೆನ್ನು ಕೆಳಗಿಟ್ಟೆ.

ಶನಿವಾರ ಮನೆಯವರಷ್ಟೇ ನೋಡಿದೆವು. ನಿರುಪಮಾ ಅಪ್ಪನ ಕೆನ್ನೆ ಮುಟ್ಟಿ, ಆ ತಂಪಿಗೆ ಬೆಚ್ಚಿ ಕೈ ಎಳೆದುಕೊಂಡಳು. ವಿಷಯ ತಿಳಿಯದೆ ಬಂದವರಿಗೆಲ್ಲ ವ್ಯಾಸ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದ.

ಆಮೇಲೆ, ಖಾಲಿದಾಳನ್ನು ಮನೆಗೆ ಕರೆಯಬೇಡ ಅಂದ. ಅಷ್ಟೇ ಅಂದದ್ದು.

ಈಗ ಪ್ರತಿ ಬುಧವಾರ ನಾನೂ ಅವಳೂ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಸಿಗುತ್ತೇವೆ, ಮಷೀನು ತಿರುಗೋ ನಲವತ್ತು ನಿಮಿಷ.

"ಮಗ ಮಾತಾಡಿದ್ನೇನ್ರಿ?"

"ಊಟಕ್ಕೆ ಕರೀತಾನೆ."

"ಅಷ್ಟರ ಐತಲ್ಲ," ಅಂತ ನನ್ನ ಬೆಡ್‌ಶೀಟಿನ ಇನ್ನೊಂದು ತುದಿ ಹಿಡೀತಾಳೆ.